ಗಾಂಧೀಜಿಯವರ ಅಂತರಂಗದ ಧರ್ಮ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದಲ್ಲಿ ದೀಕ್ಷಾಕಲ್ಯಾಣದ ದಿನ ಸಾಯಂಕಾಲ ನಡೆದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)

   

ಇಂದು ಬೆಳಿಗ್ಗೆ ಇದೇ ಮಂಟಪದಲ್ಲಿ ನಾವೆಲ್ಲ ದೀಕ್ಷಾಕಲ್ಯಾಣವನ್ನು ಕಣ್ತುಂಬ ಕಂಡೆವು. ನೀಲಾಂಜನೆಯ ನೃತ್ಯ ಥಟ್ಟನೆ ನಿಂತ ಕ್ಷಣದಲ್ಲಿ ಆದಿನಾಥ ಪ್ರಭುವಿಗೆ ವೈರಾಗ್ಯ ಮೂಡಿತು. ರಾಜ್ಯವನ್ನು ಮಕ್ಕಳಿಗೆ ಹಂಚಿಕೊಟ್ಟು, ಪಲ್ಲಕ್ಕಿಯನ್ನೇರಿ ವನಕ್ಕೆ ತೆರಳಿ, ವಸ್ತ್ರಾಭರಣಗಳನ್ನು ತೊರೆದ ದೃಶ್ಯವದು. ಆಳುವವನೊಬ್ಬನು ಆಳಿಕೆಯನ್ನು ಕೈಬಿಟ್ಟು ಧರ್ಮವನ್ನು ಕೈಹಿಡಿದ ಕಥೆ. ಆದರೆ ಆಳಿಕೆಯ, ಸಾರ್ವಜನಿಕ ಬದುಕಿನ ಗದ್ದಲವನ್ನು ಬಿಡದೆ, ಅದರ ನಟ್ಟನಡುವೆಯೇ ನಿಂತು ಧರ್ಮವನ್ನು ಹಿಡಿಯಬಯಸಿದವರ ಪಾಡೇನು? ರಾಜಕೀಯ ಮುಖಂಡನೊಬ್ಬನ ವೈಯಕ್ತಿಕ ಧರ್ಮಶ್ರದ್ಧೆಯನ್ನು ಕುರಿತು ಮಾತನಾಡಬೇಕೆಂದು ಸಮಿತಿಯವರು ಅಪ್ಪಣೆ ಕೊಟ್ಟಾಗ ನನ್ನ ಮನಸ್ಸಿಗೆ ಬಂದದ್ದು ಈ ಪ್ರಶ್ನೆ.

ನಮ್ಮ ನಾಡಿನಲ್ಲಿಯೇ ಅಂಥವರಿಗೆ ಕೊರತೆಯಿಲ್ಲ. ಗಂಗರ ಮಂತ್ರಿಯೂ ಸೇನಾಪತಿಯೂ ಆಗಿದ್ದು, ಬೆಳಗೊಳದ ಬೆಟ್ಟದ ಮೇಲೆ ಬಾಹುಬಲಿಯನ್ನು ನಿಲ್ಲಿಸಿದ ಚಾವುಂಡರಾಯನ ಹೆಸರು ತಮ್ಮೆಲ್ಲರ ನಾಲಗೆಯ ತುದಿಯಲ್ಲಿದೆ. ಕತ್ತಿ ಹಿಡಿದ ಕೈಯೇ 978ರಲ್ಲಿ ತ್ರಿಷಷ್ಟಿ ಶಲಾಕಾಪುರುಷರ ಚರಿತೆಯನ್ನೂ ಬರೆಯಿತು. ಆದರೆ ರಣರಂಗದಿಂದ ಮನೆಗೆ ಬಂದ ರಾತ್ರಿ ಆ ಮಹಾಪುರುಷನ ಮನಸ್ಸಿನಲ್ಲಿ ಏನು ನಡೆಯುತ್ತಿತ್ತೆಂಬುದನ್ನು ಅವನು ನಮಗೆ ಬರೆದಿಟ್ಟು ಹೋಗಲಿಲ್ಲ. ಹಾಗೆ ಎಲ್ಲವನ್ನೂ, ತನ್ನ ಸೋಲನ್ನು ಕೂಡ, ಬರೆದಿಟ್ಟು ಹೋದ ಮುಖಂಡರು ಒಬ್ಬರಿದ್ದಾರೆ. ಅವರು ಮಹಾತ್ಮಾ ಗಾಂಧೀಜಿ. ಆದಕಾರಣ ಅವರ ವಿಚಾರವಾಗಿಯೇ ನಾಲ್ಕು ಮಾತುಗಳನ್ನು ತಮ್ಮ ಮುಂದೆ ನಿವೇದಿಸಿಕೊಳ್ಳುತ್ತೇನೆ.

ಮೊದಲೇ ಒಂದು ಮಾತನ್ನು ಒಪ್ಪಿಕೊಂಡುಬಿಡುತ್ತೇನೆ. ಗಾಂಧೀಜಿ ಹುಟ್ಟಿನಿಂದ ವೈಷ್ಣವರಾದರೂ ಆಚರಣೆಯಿಂದ ಜೈನರೇ ಎಂದು ನಮ್ಮ ಸಭೆಗಳಲ್ಲಿ ಹೇಳುವ ವಾಡಿಕೆಯಿದೆ. ನಾನೂ ಹಲವು ಸಲ ಹೇಳಿ ಚಪ್ಪಾಳೆ ಪಡೆದಿದ್ದೇನೆ. ಅವರ ಬರೆಹಗಳನ್ನು ನಿಧಾನವಾಗಿ ಓದುತ್ತ ಹೋದಂತೆ ಆ ಮಾತನ್ನು ಅಷ್ಟು ಸಲೀಸಾಗಿ ಆಡಲು ನಾಲಗೆ ಏಳುತ್ತಿಲ್ಲ. ಏಕೆಂಬುದು ಮುಂದೆ ತಮಗೇ ತಿಳಿಯುತ್ತದೆ.

ಅವರ ತಾಯಿ ಪುತಲೀಬಾಯಿ ವ್ರತನಿಷ್ಠೆಯಲ್ಲಿ ಎತ್ತಿದ ಕೈ. ಚಾತುರ್ಮಾಸ್ಯದಲ್ಲಿ ಸೂರ್ಯನನ್ನು ಕಾಣದೆ ಊಟ ಮಾಡುವುದಿಲ್ಲವೆಂದು ಒಮ್ಮೆ ವ್ರತ ಹಿಡಿದಿದ್ದರು. ಮೋಡ ಕವಿದ ಮಳೆಗಾಲ. ಮಕ್ಕಳು ಅಂಗಳದಲ್ಲಿ ಆಕಾಶವನ್ನೇ ನೋಡುತ್ತ ನಿಂತು, ಸೂರ್ಯನು ಇಣುಕಿದೊಡನೆ ಓಡಿಹೋಗಿ ತಾಯಿಯನ್ನು ಕರೆಯುವರು. ಆಕೆ ಹೊರಗೆ ಬರುವಷ್ಟರಲ್ಲಿ ಸೂರ್ಯ ಮರೆಯಾಗಿರುವನು. ದೇವರಿಗೆ ಇಂದು ನಾನು ಉಣ್ಣುವುದು ಬೇಕಿಲ್ಲವೆಂದು ನಗುನಗುತ್ತ ಒಳಗೆ ಹೋಗಿ ಕೆಲಸದಲ್ಲಿ ತೊಡಗುವರು. ನಮ್ಮ ಮನೆಗಳ ಅಜ್ಜಿಯಂದಿರ ನೆನಪು ತಮಗೆ ಬರದೆ ಇರದು. ತಂದೆ ಕರಮಚಂದರು ಸಂಸ್ಥಾನದ ದಿವಾನರು. ಅವರ ಮನೆಗೆ ಜೈನ ಸಾಧುಗಳು ಬಂದು ಹೋಗುತ್ತಿದ್ದರು; ಭಿಕ್ಷೆಯನ್ನೂ ಸ್ವೀಕರಿಸುತ್ತಿದ್ದರು. ಕಾಠಿಯಾವಾಡದ ಆ ಪ್ರಾಂತ್ಯದಲ್ಲಿ ವೈಷ್ಣವರ ಮನೆಯ ಅಡುಗೆಗೂ ಜೈನರ ಮನೆಯ ಅಡುಗೆಗೂ ಅಷ್ಟು ದೂರವಿರಲಿಲ್ಲ.

1888ರಲ್ಲಿ ಮಗ ವಿಲಾಯತಿಗೆ ಹೊರಟಾಗ ತಾಯಿ ಒಪ್ಪಲಿಲ್ಲ. ಆಗ ದಾರಿ ತೋರಿದವರು ಬೇಚರ್ಜಿ ಸ್ವಾಮಿಗಳು. ಮೋಢ ವಣಿಕರಲ್ಲಿ ಹುಟ್ಟಿ ಜೈನ ಸಾಧುಗಳಾದವರು. ಮದ್ಯ, ಮಾಂಸ, ಪರಸ್ತ್ರೀ ಈ ಮೂರನ್ನು ಮುಟ್ಟುವುದಿಲ್ಲವೆಂದು ಹುಡುಗನಿಂದ ಪ್ರತಿಜ್ಞೆ ಮಾಡಿಸಿ, ಇನ್ನು ಕಳುಹಿಸಮ್ಮ ಎಂದರು. ಗಾಂಧೀಜಿಯವರ ಬಾಳಿನ ಮೊದಲನೆಯ ದೊಡ್ಡ ವ್ರತವನ್ನು ಕೊಟ್ಟವರು ಜೈನ ಸಾಧುಗಳೊಬ್ಬರೆಂಬುದು ಹೀಗೆ ಚಾರಿತ್ರಿಕ ಸಂಗತಿ. ಲಂಡನ್ನಿನಲ್ಲಿ ಮಾಂಸ ತಿನ್ನದಿದ್ದರೆ ಬದುಕಲಾರೆ ಎಂದು ಗೆಳೆಯರು ವಾದಿಸಿದರು. ಅವರ ವಾದಕ್ಕೆ ಆ ವಯಸ್ಸಿನಲ್ಲಿ ಇವರ ಬಳಿ ಉತ್ತರವಿರಲಿಲ್ಲ. ಮಾಂಸಾಹಾರವೇ ಮೇಲೆಂಬ ನಂಬಿಕೆ ಒಳಗೊಳಗೆ ಇನ್ನೂ ಉಳಿದಿತ್ತು. ತಡೆದದ್ದು ಕೇವಲ ಕೊಟ್ಟ ಮಾತು. ಇಲ್ಲಿ ವ್ರತ ಮೊದಲು ಬಂದಿತು, ಅರಿವು ಆಮೇಲೆ ಬಂದಿತು.

1891ರ ಜುಲೈನಲ್ಲಿ ಬ್ಯಾರಿಸ್ಟರಾಗಿ ಮುಂಬಯಿಯಲ್ಲಿ ಇಳಿದಾಗ ಮೊದಲು ಕಿವಿಗೆ ಬಿದ್ದದ್ದು ತಾಯಿ ತೀರಿಕೊಂಡ ಸುದ್ದಿ. ಆ ದುಃಖದ ದಿನಗಳಲ್ಲಿಯೇ ಡಾಕ್ಟರ್ ಪ್ರಾಣಜೀವನ ಮೆಹತಾ ಅವರ ಮನೆಯಲ್ಲಿ ಅವರಿಗೆ ಒಬ್ಬ ತರುಣರ ಪರಿಚಯವಾಯಿತು. ಅವರೇ ರಾಯಚಂದ್‌ಭಾಯಿ, ನಮ್ಮವರು ಶ್ರೀಮದ್ ರಾಜಚಂದ್ರರೆಂದು ಕರೆಯುವ ಮಹಾನುಭಾವರು. 1867ರಲ್ಲಿ ವವಾಣಿಯಾ ಎಂಬ ಊರಿನಲ್ಲಿ ಹುಟ್ಟಿದವರು. ಗಾಂಧೀಜಿಯವರಿಗಿಂತ ಎರಡು ವರ್ಷ ಹಿರಿಯರು, ಅಷ್ಟೆ. ಏಕಕಾಲದಲ್ಲಿ ನೂರು ವಿಷಯಗಳನ್ನು ನೆನಪಿನಲ್ಲಿಟ್ಟು ಹೇಳಬಲ್ಲ ಶತಾವಧಾನಿಗಳೆಂದು ಅವರಿಗೆ ಹೆಸರಿತ್ತು. ವಿಲಾಯತಿಯ ಜಂಬ ಇನ್ನೂ ಆರದಿದ್ದ ಬ್ಯಾರಿಸ್ಟರು ತಮಗೆ ಗೊತ್ತಿದ್ದ ಐರೋಪ್ಯ ಭಾಷೆಗಳ ಪದಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಓದಿದರು. ರಾಯಚಂದ್‌ಭಾಯಿ ಅವನ್ನು ಅದೇ ಅನುಕ್ರಮದಲ್ಲಿ ಒಪ್ಪಿಸಿಬಿಟ್ಟರು.

ಆದರೆ ಗಾಂಧೀಜಿ ಮಾರುಹೋದದ್ದು ಈ ಚಮತ್ಕಾರಕ್ಕಲ್ಲ. ರಾಯಚಂದ್‌ಭಾಯಿ ಮುತ್ತು ರತ್ನಗಳ ವ್ಯಾಪಾರಿ. ಲಕ್ಷಗಟ್ಟಲೆ ರೂಪಾಯಿನ ವಹಿವಾಟು. ಗದ್ದುಗೆಯ ಮೇಲೆ ವ್ಯಾಪಾರದ ಪುಸ್ತಕದ ಪಕ್ಕದಲ್ಲಿಯೇ ಒಂದು ಧರ್ಮಗ್ರಂಥವೋ ತಮ್ಮ ದಿನಚರಿಯೋ ಇರುತ್ತಿತ್ತು. ಗಿರಾಕಿ ಎದ್ದು ಹೋದ ಮರುಕ್ಷಣವೇ ಕೈ ಅದನ್ನು ತೆರೆಯುತ್ತಿತ್ತು. ವಜ್ರದ ಬೆಲೆಯನ್ನು ಇಷ್ಟು ಚೆನ್ನಾಗಿ ಬಲ್ಲವನಿಗೆ ವಜ್ರದಲ್ಲಿ ಮನಸ್ಸಿಲ್ಲವೆಂಬುದನ್ನು ಗಾಂಧೀಜಿ ಕಣ್ಣಾರೆ ಕಂಡರು. ಈ ಮಂಟಪದಲ್ಲಿ ಅಂಗಡಿ ಮುಂಗಟ್ಟು ನಡೆಸುವವರು ಬಹಳ ಮಂದಿ ಇದ್ದೀರಿ. ವ್ಯಾಪಾರವೇ ಬೇರೆ, ಧರ್ಮವೇ ಬೇರೆ ಎಂದು ಅಂದುಕೊಳ್ಳುವುದು ಎಷ್ಟು ಸುಲಭವೆಂದು ತಮಗೆ ನಾನು ಹೇಳಬೇಕಾಗಿಲ್ಲ. ಅಂದು ಆ ತರುಣನು ಕಂಡದ್ದು ಹಾಗೆ ಬೇರ್ಪಡಿಸದೆ ಬಾಳಿದ ಒಬ್ಬ ಗೃಹಸ್ಥನನ್ನು. ರಾಜಕೀಯವನ್ನೂ ಧರ್ಮವನ್ನೂ ಬೇರೆ ಮಾಡಲಾರೆನೆಂದು ಮುಂದೆ ಅವರು ಜೀವಮಾನವಿಡೀ ಹೇಳಿದ ಮಾತಿಗೆ ಬೇರು ಆ ರತ್ನಪಡಿ ವ್ಯಾಪಾರಿಯ ಗದ್ದುಗೆಯಲ್ಲಿದೆಯೆಂದು ನನ್ನ ಎಣಿಕೆ.

1893ರಲ್ಲಿ ಗಾಂಧೀಜಿ ದಕ್ಷಿಣ ಆಫ್ರಿಕಕ್ಕೆ ಹೋದರು. ಅಲ್ಲಿ ಕ್ರೈಸ್ತ ಮಿತ್ರರು ಪ್ರೀತಿಯಿಂದಲೇ ಅವರನ್ನು ತಮ್ಮ ಮತಕ್ಕೆ ಕರೆದರು. ಕಕ್ಷಿದಾರರಾದ ಅಬ್ದುಲ್ಲಾ ಶೇಠರು ಇಸ್ಲಾಮಿನ ಹಿರಿಮೆಯನ್ನು ವಿವರಿಸುತ್ತಿದ್ದರು. ತಮ್ಮ ಮತದಲ್ಲಿಯೋ ಅಸ್ಪೃಶ್ಯತೆಯಂಥ ಕಳಂಕ ಎದ್ದು ಕಾಣುತ್ತಿತ್ತು. ಮನಸ್ಸು ಹೊಯ್ದಾಡಿತು. 1894ರಲ್ಲಿ ಅವರು ರಾಯಚಂದ್‌ಭಾಯಿಯವರಿಗೆ 27 ಪ್ರಶ್ನೆಗಳನ್ನು ಬರೆದು ಕಳುಹಿಸಿದರು. ಆತ್ಮವೆಂದರೇನು, ಅದು ಕರ್ತೃವೇ, ಈಶ್ವರನೆಂದರೆ ಯಾರು, ಮೋಕ್ಷವೆಂದರೇನು ಎಂಬಿವೇ ಮೊದಲಾದವು. ಅದೇ ವರ್ಷದ ಅಕ್ಟೋಬರಿನಲ್ಲಿ ಸಮಾಧಾನ ಬಂದಿತು. ರಾಯಚಂದ್‌ಭಾಯಿ ನೀನು ಜೈನನಾಗು ಎನ್ನಲಿಲ್ಲ. ಓದಲು ಕಳುಹಿಸಿದ ಪುಸ್ತಕಗಳಲ್ಲಿ ಹರಿಭದ್ರಸೂರಿಗಳ ಷಡ್ದರ್ಶನ ಸಮುಚ್ಚಯದ ಜೊತೆಗೆ ಯೋಗವಾಸಿಷ್ಠದ ಒಂದು ಪ್ರಕರಣವೂ ಇತ್ತು. ಹುಟ್ಟಿದ ಧರ್ಮದಲ್ಲಿಯೇ ನಿಂತು ಆಳವಾಗಿ ನೋಡಲು ತಾಳ್ಮೆ ಕಲಿಸಿದರು.

ಆ 27 ಪ್ರಶ್ನೆಗಳಲ್ಲಿ ಕೊನೆಯದೊಂದು ನೆಲದ ಮೇಲಿನ ಪ್ರಶ್ನೆ. ಹಾವೊಂದು ನನ್ನನ್ನು ಕಚ್ಚಲು ಬಂದಾಗ, ಅದನ್ನು ಓಡಿಸುವ ಬೇರೆ ಉಪಾಯವಿಲ್ಲದಿದ್ದರೆ, ಕಚ್ಚಿಸಿಕೊಳ್ಳಬೇಕೆ, ಕೊಲ್ಲಬೇಕೆ? ರಾಯಚಂದ್‌ಭಾಯಿಯವರ ಉತ್ತರದ ತಾತ್ಪರ್ಯವಿಷ್ಟು: ದೇಹ ಅನಿತ್ಯವೆಂದು ನಿಜವಾಗಿ ಅರಿತವನು ಆ ದೇಹಕ್ಕಾಗಿ, ದೇಹದ ಮೇಲೆ ಪ್ರೀತಿಯಿರುವ ಇನ್ನೊಂದು ಜೀವವನ್ನು ಕೊಲ್ಲುವುದು ಹೇಗೆ ಯೋಗ್ಯವಾದೀತು? ಆತ್ಮಹಿತ ಬಯಸುವವನು ದೇಹವನ್ನೇ ಬಿಡುವುದು ಸರಿ. ಆದರೆ ಕಚ್ಚಿಸಿಕೋ ಎಂದು ನಿನಗೆ ಉಪದೇಶಿಸಲು ಸಂಕೋಚವಾಗುತ್ತದೆ. ಕೊಲ್ಲು ಎಂದು ಮಾತ್ರ ಹೇಳಲಾರೆ. ಕೊಲ್ಲುವ ಬಯಕೆಯೇ ನಮಗೆ ಕನಸಿನಲ್ಲಿಯೂ ಬಾರದಿರಲಿ. ಹೀಗಿದೆ ಆ ಉತ್ತರ. ಕೇಳಿದವರಿಗೆ ಆಗ 25 ವರ್ಷ. ಈ ಹಾವು ಮುಂದೆ 54 ವರ್ಷ ಅವರ ಬೆನ್ನು ಬಿಡಲಿಲ್ಲ.

ರಾಯಚಂದ್‌ಭಾಯಿ 1901ರಲ್ಲಿ ರಾಜಕೋಟೆಯಲ್ಲಿ ತೀರಿಕೊಂಡರು. 33 ವರ್ಷದ ಅಲ್ಪಾಯು. ಅಷ್ಟರಲ್ಲಿಯೇ 142 ಪದ್ಯಗಳ ಆತ್ಮಸಿದ್ಧಿಯನ್ನು ರಚಿಸಿದ್ದರು. ಶ್ವೇತಾಂಬರ ದಿಗಂಬರ ಭೇದವೆಣಿಸದೆ ಪೂರ್ವಾಚಾರ್ಯರ ಗ್ರಂಥಗಳನ್ನು ಅಚ್ಚುಮಾಡಿಸಲು ಪರಮಶ್ರುತ ಪ್ರಭಾವಕ ಮಂಡಲವನ್ನು ಸ್ಥಾಪಿಸಿದ್ದರು. ತಮ್ಮ ಬಾಳಿನ ಮೇಲೆ ಆಳವಾದ ಮುದ್ರೆಯೊತ್ತಿದ ಆಧುನಿಕರು ಮೂವರೆಂದು ಗಾಂಧೀಜಿ ಬರೆದಿದ್ದಾರೆ: ಟಾಲ್‌ಸ್ಟಾಯ್, ರಸ್ಕಿನ್ ಇವರಿಬ್ಬರು ಪುಸ್ತಕದ ಮೂಲಕ; ರಾಯಚಂದ್‌ಭಾಯಿ ಜೀವಂತ ಸಂಪರ್ಕದ ಮೂಲಕ. ಇಷ್ಟಾಗಿಯೂ ಅವರನ್ನು ನನ್ನ ಹೃದಯದಲ್ಲಿ ಗುರುವಿನ ಪೀಠದ ಮೇಲೆ ಕೂರಿಸಲಾರದೆ ಹೋದೆ, ಆ ಪೀಠ ಇನ್ನೂ ಬರಿದಾಗಿದೆಯೆಂಬ ಭಾವದ ಮಾತೂ ಆತ್ಮಕಥೆಯಲ್ಲಿದೆ. ನಮ್ಮ ಭಾಷಣಕಾರರು ಮೊದಲನೆಯದನ್ನು ಹೇಳಿ ಎರಡನೆಯದನ್ನು ಬಿಡುತ್ತಾರೆ.

ವ್ರತಗಳ ವಿಚಾರಕ್ಕೆ ಬರೋಣ. ಇಲ್ಲಿ ನಮಗೆ ಮನೆಯ ಮಾತು ಕೇಳಿದಂತಾಗುತ್ತದೆ. ಸಾಬರಮತಿ ಆಶ್ರಮದ ವ್ರತಗಳಲ್ಲಿ ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹ ಈ ಐದು ನಮ್ಮ ಮಕ್ಕಳೂ ಬಾಯಿಪಾಠವಾಗಿ ಹೇಳುವಂಥವು. ಅವುಗಳಿಗೆ ಅಸ್ವಾದ, ಅಭಯ, ಶರೀರಶ್ರಮ, ಸ್ವದೇಶಿ, ಸರ್ವಧರ್ಮ ಸಮಭಾವ, ಅಸ್ಪೃಶ್ಯತಾ ನಿವಾರಣೆ ಇವನ್ನು ಸೇರಿಸಿ ಹನ್ನೊಂದು ಮಾಡಿದರು. 1930ರಲ್ಲಿ ಯರವಡಾ ಸೆರೆಮನೆಯಿಂದ ಮಂಗಳವಾರಕ್ಕೊಂದರಂತೆ ಈ ವ್ರತಗಳ ಮೇಲೆ ಆಶ್ರಮಕ್ಕೆ ಪತ್ರಗಳನ್ನು ಬರೆದರು. ಹೊರಗೆ ಉಪ್ಪಿನ ಸತ್ಯಾಗ್ರಹದ ಬಿಸಿ ಆರಿರಲಿಲ್ಲ; ಒಳಗೆ ಕುಳಿತು ಮುಖಂಡನು ನಾಲಗೆಯ ರುಚಿಯನ್ನು ಗೆಲ್ಲುವ ಬಗೆಯನ್ನು ಬರೆಯುತ್ತಿದ್ದನು.

ತಾವು ಇಂದು ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸಿ ಇಲ್ಲಿಗೆ ಬಂದಿದ್ದೀರಿ. ಗಾಂಧೀಜಿ 1908ರಲ್ಲಿ ಮೊದಲ ಸಲ ಸೆರೆಮನೆಗೆ ಹೋದಾಗ ಅಲ್ಲಿ ಕೈದಿಗಳಿಗೆ ಹೊತ್ತು ಮುಳುಗುವ ಮುನ್ನವೇ ಕೊನೆಯ ಊಟ ಹಾಕುತ್ತಿದ್ದರು. ಇದು ಬ್ರಹ್ಮಚಾರಿಯಾದವನು ತಾನಾಗಿಯೇ ಪಾಲಿಸತಕ್ಕ ನಿಯಮವಲ್ಲವೆ ಎಂದು ಅವರಿಗನ್ನಿಸಿತು. 1915ರಲ್ಲಿ ಹರಿದ್ವಾರದ ಕುಂಭಮೇಳಕ್ಕೆ ಹೋದಾಗ ತಮ್ಮ ಆತಿಥ್ಯಕ್ಕಾಗಿ ಜನರು ಪಡುತ್ತಿದ್ದ ಪಾಡನ್ನು ಕಂಡು ನೊಂದು, ದಿನವೊಂದಕ್ಕೆ ಐದು ಪದಾರ್ಥಗಳಿಗಿಂತ ಹೆಚ್ಚು ಸೇವಿಸುವುದಿಲ್ಲ, ಕತ್ತಲಾದ ಮೇಲೆ ಉಣ್ಣುವುದಿಲ್ಲವೆಂದು ವ್ರತ ತೊಟ್ಟರು. ಮಧ್ಯರಾತ್ರಿಯವರೆಗೆ ಸಭೆ, ರೈಲು ಪ್ರಯಾಣ, ವೈಸರಾಯರ ಮಾತುಕತೆ, ಇವುಗಳ ನಡುವೆ ರಾತ್ರಿಭೋಜನ ತ್ಯಾಗ! ಮದುವೆಮನೆಗಳ ನೆಪ ಹೇಳುವ ನಮಗೆ ಇದು ಸ್ವಲ್ಪ ಚುಚ್ಚಬೇಕು.

ಅವರು ವ್ರತದಲ್ಲಿ ಎಡವಿದ ಪ್ರಸಂಗವನ್ನೂ ಹೇಳಿಬಿಡುತ್ತೇನೆ. ಹಸು ಎಮ್ಮೆಗಳಿಂದ ಕೊನೆಯ ತೊಟ್ಟಿನವರೆಗೆ ಹಾಲು ಹಿಂಡಲು ನಡೆಸುತ್ತಿದ್ದ ಕ್ರೂರ ಪದ್ಧತಿಯನ್ನು ತಿಳಿದು ಅವರು 1912ರಲ್ಲಿ ಹಾಲನ್ನೇ ಬಿಟ್ಟಿದ್ದರು. 1918ರಲ್ಲಿ ಖೇಡಾ ಜಿಲ್ಲೆಯಲ್ಲಿ ಅಲೆದಾಡಿ ಆಮಶಂಕೆಯಿಂದ ಮರಣದ ಹೊಸ್ತಿಲಿಗೆ ಹೋದರು. ಅಹಿಂಸೆಯ ವ್ರತಿ ಆಗ ಅಲೆಯುತ್ತಿದ್ದದ್ದು ಸರ್ಕಾರದ ಸೈನ್ಯಕ್ಕೆ ಜನ ಸೇರಿಸಲೆಂಬುದು ಇನ್ನೊಂದು ಜಟಿಲ ವಿಚಾರ. ಅದಕ್ಕೆ ಈಗ ಕೈ ಹಾಕುವುದಿಲ್ಲ. ಹಾಲು ಕುಡಿಯದೆ ದೇಹ ಚೇತರಿಸದೆಂದು ವೈದ್ಯರು ಖಂಡಿತವಾಗಿ ಹೇಳಿದರು. ಪಕ್ಕದಲ್ಲಿದ್ದ ಕಸ್ತೂರಬಾ, ನಿಮ್ಮ ಆಕ್ಷೇಪ ಹಸು ಎಮ್ಮೆಯ ಹಾಲಿಗಲ್ಲವೆ, ಆಡಿನ ಹಾಲಿಗೇನು ಅಡ್ಡಿ ಎಂದರು. ಬದುಕುವ ಆಸೆ ಗೆದ್ದಿತು. ಆಡಿನ ಹಾಲು ಕುಡಿದರು. ವ್ರತದ ಅಕ್ಷರ ಉಳಿಯಿತು, ಆತ್ಮ ಹೋಯಿತು ಎಂದು ಅವರೇ ಬರೆದುಕೊಂಡು, ಆ ಕುಡಿತ ಇಂದಿಗೂ ಚುಚ್ಚುತ್ತಿದೆಯೆಂದಿದ್ದಾರೆ. ನಮ್ಮ ಶ್ರಾವಕಾಚಾರ ಗ್ರಂಥಗಳಲ್ಲಿ ಪ್ರತಿ ವ್ರತಕ್ಕೂ ಐದೈದು ಅತಿಚಾರಗಳನ್ನು ಹೇಳಿದೆ. ವ್ರತ ಪೂರ್ತಿ ಮುರಿಯದೆ, ಆದರೆ ಮಸುಕಾಗುವ ಬಗೆಗಳವು. ಅತಿಚಾರವನ್ನು ಅತಿಚಾರವೆಂದು ಗುರುತಿಸಿ ಊರಿಗೆಲ್ಲ ಪ್ರಕಟಿಸಿದ ಇನ್ನೊಬ್ಬ ಮುಖಂಡನನ್ನು ನಾನು ಕಾಣೆ. ಪಕ್ಷದ ಮಾತು ಹಾಗಿರಲಿ, ತಮ್ಮ ಆಡಿನ ಹಾಲಿನ ಲೆಕ್ಕವನ್ನು ಯಾವ ಮುಖಂಡರು ಒಪ್ಪಿಸುತ್ತಾರೆ?

1915ರ ಆಶ್ರಮದ ಇನ್ನೊಂದು ಸಂಗತಿ. ದೂದಾಭಾಯಿ ಎಂಬ ಅಸ್ಪೃಶ್ಯರೆನಿಸಿದ ಗೃಹಸ್ಥರು ಹೆಂಡತಿ ದಾನೀಬೆನ್, ಮಗು ಲಕ್ಷ್ಮೀ ಇವರೊಡನೆ ಆಶ್ರಮಕ್ಕೆ ಬಂದು ಸೇರಿದರು. ಬಾವಿಯ ಬಳಿ ಬೈಗಳು ಸುರುವಾದವು. ಬರುತ್ತಿದ್ದ ಹಣವೆಲ್ಲ ನಿಂತಿತು. ಮುಂದಿನ ತಿಂಗಳಿಗೆ ಕೈಯಲ್ಲಿ ಏನೂ ಇಲ್ಲ. ಆಗ ಒಂದು ಬೆಳಿಗ್ಗೆ ಬಾಗಿಲಿಗೆ ಮೋಟಾರು ಬಂದು ನಿಂತಿತು. ಶೇಠರೊಬ್ಬರು ಇಳಿಯದೆಯೇ 13,000 ರೂಪಾಯಿನ ನೋಟುಗಳನ್ನು ಕೈಗಿತ್ತು ಹೊರಟುಹೋದರು. ಆತ್ಮಕಥೆಯಲ್ಲಿ ಹೆಸರಿಲ್ಲ. ಅವರು ಅಹಮದಾಬಾದಿನ ಗಿರಣಿ ಮಾಲೀಕರಾದ ಅಂಬಾಲಾಲ್ ಸಾರಾಭಾಯಿಯವರೆಂದು ಬಲ್ಲವರು ಅನಂತರ ಬರೆದಿದ್ದಾರೆ. ಜೈನ ಮನೆತನದವರು. ನಾವು ಈ ದಾನವನ್ನು ಅಭಿಮಾನದಿಂದ ನೆನೆಯುತ್ತೇವೆ. ಹಣ ನಿಲ್ಲಿಸಿದವರಲ್ಲಿ ನಮ್ಮವರೂ ಇದ್ದಿರಬಹುದೆಂಬುದನ್ನು ನೆನೆಯುವುದಿಲ್ಲ. ಸಮವಸರಣದಲ್ಲಿ ಪಶುಪಕ್ಷಿಗಳಿಗೂ ಸ್ಥಾನವುಂಟು ಎಂದು ನಾಳೆ ಇದೇ ವೇದಿಕೆಯಿಂದ ತಾವು ಕೇಳುವಿರಿ.

ಈಗ ನಾನು ಮೊದಲು ಸೂಚಿಸಿದ ಕಷ್ಟದ ಭಾಗಕ್ಕೆ ಬಂದೆ.

ಆ ಹಾವಿನ ಪ್ರಶ್ನೆಯನ್ನು ಮರೆತಿಲ್ಲವಷ್ಟೆ? ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರಂನಲ್ಲಿ ಹಾವುಗಳನ್ನು ಕೊಲ್ಲಬಾರದೆಂಬ ನಿಯಮವಿತ್ತು. ಒಂದು ದಿನ ಮಿತ್ರರಾದ ಕಾಲೆನ್‌ಬಾಕರ ಕೋಣೆಯಲ್ಲಿ ವಿಷಸರ್ಪ ಕಾಣಿಸಿತು. ಓಡಿಸಲಾಗದ, ಹಿಡಿಯಲಾಗದ ಮೂಲೆ. ವಿದ್ಯಾರ್ಥಿಯೊಬ್ಬನು ಬಂದು ಕೊಲ್ಲಲು ಅಪ್ಪಣೆ ಕೇಳಿದನು. ತಾನಾಗಿದ್ದರೆ ಏನು ಮಾಡುತ್ತಿದ್ದೆನೋ, ಆದರೆ ಇಲ್ಲಿ ಇತರರ ಮಕ್ಕಳಿದ್ದಾರೆ. ಗಾಂಧೀಜಿ ಅಪ್ಪಣೆ ಕೊಟ್ಟರು. ಹಾವನ್ನು ಕೈಯಲ್ಲಿ ಹಿಡಿಯುವ ಧೈರ್ಯ ನನಗಿರಲಿಲ್ಲ, ಇಂದಿಗೂ ಇಲ್ಲವೆಂದು ಮುಚ್ಚುಮರೆಯಿಲ್ಲದೆ ಬರೆದರು. ತನ್ನ ದೇಹದ ಮಾತಾದಾಗ ಇದ್ದ ಉತ್ತರ, ನಂಬಿ ಬಂದವರ ದೇಹದ ಮಾತಾದಾಗ ಬೇರೆಯಾಯಿತು. ಮುಖಂಡನ ಧರ್ಮಸಂಕಟದ ಗಂಟು ಇರುವುದು ಇಲ್ಲಿ.

1926ರಲ್ಲಿ ಅಹಮದಾಬಾದಿನಲ್ಲಿ, ಇದೇ ಅಂಬಾಲಾಲರ ಗಿರಣಿಯ ಸುತ್ತ ಅಲೆಯುತ್ತಿದ್ದ ಸುಮಾರು 60 ಬೀದಿನಾಯಿಗಳನ್ನು, ಹುಚ್ಚುನಾಯಿಯ ಭಯದಿಂದ ಕೊಲ್ಲಿಸಲಾಯಿತು. ನಗರ ಕುದಿಯಿತು. ಬೇರೆ ಏನು ಮಾಡಲು ಸಾಧ್ಯವಿತ್ತು ಎಂದು ಗಾಂಧೀಜಿ ಶೇಠರಿಗೆ ಹೇಳಿದ ಮಾತು ಹೊರಬಿದ್ದಾಗ ಜೀವದಯಾ ಸಂಸ್ಥೆಯವರು ಕಾಗದ ಬರೆದು ವಿವರಣೆ ಕೇಳಿದರು. ಅವರು ಮೌನ ತಾಳಬಹುದಾಗಿತ್ತು. ಪತ್ರಿಕೆಯಲ್ಲಿ ಸರಣಿಯಾಗಿ ಲೇಖನಗಳನ್ನು ಬರೆದು ಉತ್ತರಿಸಿದರು. ನಾಯಿಯನ್ನು ಸಾಕದೆ, ಬೀದಿಯಲ್ಲಿ ತುತ್ತು ಎಸೆದು ಅರೆಹೊಟ್ಟೆಯಲ್ಲಿ ಬದುಕಿಸುವುದು ದಯೆಯಲ್ಲ, ಪಾಪ ಎಂಬುದು ಅವರ ವಾದದ ತಿರುಳು.

1928ರಲ್ಲಿ ಇದಕ್ಕೂ ಮಿಗಿಲಾದದ್ದು ನಡೆಯಿತು. ಆಶ್ರಮದಲ್ಲಿ ಒಂದು ಕರು ಬಿದ್ದು ಕಾಲು ಮುರಿದುಕೊಂಡು ನರಳುತ್ತಿತ್ತು. ಮಗ್ಗುಲು ಬದಲಿಸಿದರೂ ಯಾತನೆ. ಚಿಕಿತ್ಸೆಯಿಲ್ಲವೆಂದು ವೈದ್ಯರು ಕೈಬಿಟ್ಟರು. ಆಶ್ರಮದವರೊಡನೆ ಚರ್ಚಿಸಿ, ಕೆಲವರು ಒಪ್ಪದಿದ್ದರೂ, ಗಾಂಧೀಜಿ ಅದಕ್ಕೆ ವಿಷದ ಸೂಜಿ ಹಾಕಿಸಿದರು. ತಾವೇ ಎದುರಿಗೆ ನಿಂತಿದ್ದರು. ಎರಡು ನಿಮಿಷದಲ್ಲಿ ಮುಗಿಯಿತು. ಇದನ್ನು ತಾವಾಗಿಯೇ ನವಜೀವನದಲ್ಲಿ ಪ್ರಕಟಿಸಿ, ಇದು ನನ್ನ ದೃಷ್ಟಿಯಲ್ಲಿ ಅಹಿಂಸೆಯೇ ಎಂದರು. ಆಶ್ರಮದ ಹಣ್ಣು ಹಂಪಲನ್ನು ಹಾಳುಮಾಡುವ ಕೋತಿಗಳನ್ನು ಕೊಂದರೆ ಅದು ಮಾತ್ರ ಹಿಂಸೆಯೆಂದು ಅದರ ಜೊತೆಗೇ ಬರೆದರು. ಏಕೆಂದರೆ ಅಲ್ಲಿ ಇರುವುದು ನಮ್ಮ ಲಾಭದ ದೃಷ್ಟಿ. ಜೈನರಿಂದ, ವೈಷ್ಣವರಿಂದ ಬೆಂಕಿಯಂಥ ಪತ್ರಗಳು ಬಂದವು. ಅವನ್ನು ಎದುರಿಗಿಟ್ಟುಕೊಂಡು ಒಂದೊಂದಕ್ಕೂ ಸಮಾಧಾನ ಹೇಳಲು ಕುಳಿತರು.

ನಮ್ಮ ಮನೆಯ ಮಾತನ್ನು ಒಂದಿಷ್ಟು ಹೇಳಿದರೆ ಕ್ಷಮಿಸಬೇಕು. ನನ್ನ ಅಜ್ಜನವರು 1924ರ ಡಿಸೆಂಬರಿನಲ್ಲಿ ಬೆಳಗಾವಿ ಕಾಂಗ್ರೆಸ್ಸಿಗೆ ಹೋಗಿ, ಅಧ್ಯಕ್ಷಪೀಠದಲ್ಲಿದ್ದ ಗಾಂಧೀಜಿಯವರನ್ನು ದೂರದಿಂದ ಕಂಡು ಬಂದು, ಅಂದಿನಿಂದ ಖಾದಿ ಬಿಟ್ಟು ಬೇರೆ ಬಟ್ಟೆ ತೊಡಲಿಲ್ಲ. ಆದರೆ ಮನೆಯಲ್ಲಿ ಕರುವಿನ ಪ್ರಸ್ತಾಪ ಬಂದರೆ ಅವರು ಎದ್ದು ಹೊರಗೆ ಜಗಲಿಗೆ ಹೋಗಿಬಿಡುತ್ತಿದ್ದರು. ನಾನು ಹುಡುಗನಾಗಿದ್ದಾಗ ಒಮ್ಮೆ ಒತ್ತಾಯಿಸಿ ಕೇಳಿದೆ. ಅವರು ಒಳಗಿನಿಂದ ಪುರುಷಾರ್ಥಸಿದ್ಧ್ಯುಪಾಯದ ಪುಸ್ತಕವನ್ನು ತರಿಸಿ, ಒಂದು ಪುಟವನ್ನು ತೆರೆದು ನನ್ನ ಮುಂದಿಟ್ಟು ಸುಮ್ಮನಾದರು.

ಅಮೃತಚಂದ್ರಾಚಾರ್ಯರು ಸುಮಾರು ಸಾವಿರ ವರ್ಷಗಳ ಹಿಂದೆಯೇ ಈ ಎರಡು ಪ್ರಶ್ನೆಗಳನ್ನೂ ಎತ್ತಿಕೊಂಡಿದ್ದಾರೆ. ಒಂದು ಹಿಂಸ್ರಜೀವಿಯನ್ನು ಕೊಂದರೆ ಹಲವು ಜೀವಗಳು ಉಳಿಯುತ್ತವೆಯೆಂದು ಕೊಲ್ಲಬಾರದು. ಬಹಳ ದುಃಖಪಡುವ ಜೀವಿ ಕೊಂದರೆ ಬೇಗ ದುಃಖದಿಂದ ಬಿಡುಗಡೆ ಹೊಂದುತ್ತದೆಯೆಂಬ ಭ್ರಮೆಯ ಕತ್ತಿಯನ್ನು ಹಿಡಿದು ದುಃಖಿಯನ್ನೂ ಕೊಲ್ಲಬಾರದು. ನಾಯಿಗೂ ಕರುವಿಗೂ ಇಲ್ಲಿ ಉತ್ತರವಿದೆ. ವಿಚಿತ್ರವೆಂದರೆ ಈ ಗ್ರಂಥವು ರಾಯಚಂದ್‌ಭಾಯಿಯವರು ಸ್ಥಾಪಿಸಿದ ಮಂಡಲದ ಗ್ರಂಥಮಾಲೆಯಲ್ಲಿಯೇ ಅಚ್ಚಾಗಿ ಹೊರಬಂದಿದೆ. ಆದರೆ ಅದೇ ಆಚಾರ್ಯರು ಹಿಂಸೆಯ ಲಕ್ಷಣವನ್ನು ಹೇಳುವಾಗ ರಾಗಾದಿಗಳು ಹುಟ್ಟುವುದೇ ಹಿಂಸೆ, ಹುಟ್ಟದಿರುವುದೇ ಅಹಿಂಸೆ ಎಂದು ಒಳಗಿನ ಭಾವದ ಮೇಲೆಯೇ ನಿಲ್ಲಿಸಿದ್ದಾರೆ. ಕರುವಿನ ಮುಂದೆ ನಿಂತ ಗಾಂಧೀಜಿಯವರಲ್ಲಿ ರಾಗವಿತ್ತೆ, ದ್ವೇಷವಿತ್ತೆ, ಪ್ರಮಾದವಿತ್ತೆ? ಯಾತನೆಯನ್ನು ನೋಡಲಾರದ ತನ್ನ ಮನಸ್ಸಿನ ಸಂಕಟವನ್ನೇ ಕರುಣೆಯೆಂದು ಅವರು ತಪ್ಪು ತಿಳಿದರೆ? ಕರ್ಮವನ್ನು ಅನುಭವಿಸಿಯೇ ತೀರಿಸಬೇಕೆಂಬ ನಮ್ಮ ಸಿದ್ಧಾಂತದ ಪ್ರಕಾರ, ಯಾತನೆಯನ್ನು ಮೊಟಕು ಮಾಡಲು ಹೋದವನು ಏನನ್ನೂ ಮೊಟಕು ಮಾಡಿದಂತಾಗುವುದಿಲ್ಲ. ಈ ವಿಷಯದಲ್ಲಿ ನಾನು ನನ್ನ ಅಜ್ಜನವರ ಕಡೆಗೇ ನಿಲ್ಲುತ್ತೇನೆ. ಗಾಂಧೀಜಿ ಮಾಡಿದ್ದು ನಮ್ಮ ಆಗಮಕ್ಕೆ ಸಮ್ಮತವಲ್ಲ. ಆದಕಾರಣವೇ ಅವರನ್ನು ಜೈನರೆಂದು ಕರೆದು ಚಪ್ಪಾಳೆ ತಟ್ಟಲು ನನಗೆ ಸಂಕೋಚ. ಅದು ನಮ್ಮ ಶಾಸ್ತ್ರಕ್ಕೂ ನ್ಯಾಯವಲ್ಲ, ಅವರ ಪ್ರಾಮಾಣಿಕತೆಗೂ ನ್ಯಾಯವಲ್ಲ. ಹಾಗೆಯೇ, ಪಿಂಜರಾಪೋಲಿಗೆ ಚಂದಾ ಬರೆದು ಅಲ್ಲಿ ಪಶುಗಳು ಹೇಗಿವೆಯೆಂದು ಒಮ್ಮೆಯೂ ಹೋಗಿ ನೋಡದವನು ಅಂದು ಅವರಿಗೆ ಬೆಂಕಿಯ ಪತ್ರ ಬರೆದಿದ್ದರೆ, ಅವನ ಕಡೆಗೂ ನಾನು ನಿಲ್ಲಲಾರೆ.

ದೇವರ ವಿಚಾರದಲ್ಲಿಯೂ ಅವರು ನಮ್ಮವರಲ್ಲ. ರಾಮನಾಮ ಅವರ ಉಸಿರಾಗಿತ್ತು. ಜಗತ್ಕರ್ತೃವಾದ ಈಶ್ವರನನ್ನು ನಾವು ಒಪ್ಪುವುದಿಲ್ಲ. ಆದರೆ 1926ರ ಜನವರಿಯಲ್ಲಿ ಯಂಗ್ ಇಂಡಿಯಾ ಪತ್ರಿಕೆಯಲ್ಲಿ ಅವರು ಬರೆದದ್ದನ್ನು ಕೇಳಿ. ಜೈನರ ವೇದಿಕೆಯ ಮೇಲೆ ನಿಂತು ದೇವರು ಸೃಷ್ಟಿಕರ್ತನಲ್ಲವೆಂದೂ, ರಾಮಾನುಜರ ವೇದಿಕೆಯ ಮೇಲೆ ನಿಂತು ಸೃಷ್ಟಿಕರ್ತನೆಂದೂ ಸಾಧಿಸಬಲ್ಲೆ ಎಂದರು. ಏಳು ಜನ ಕುರುಡರು ಆನೆಯನ್ನು ಮುಟ್ಟಿ ನೋಡಿದ ಕಥೆಯನ್ನೆತ್ತಿ, ಅನೇಕಾಂತವೆಂಬುದು ನನಗೆ ಬಹಳ ಪ್ರಿಯವಾದ ಸಿದ್ಧಾಂತ. ಮುಸಲ್ಮಾನನನ್ನು ಅವನ ನಿಲುವಿನಿಂದ, ಕ್ರೈಸ್ತನನ್ನು ಅವನ ನಿಲುವಿನಿಂದ ನೋಡಲು ಕಲಿಸಿದ್ದು ಇದೇ ಎಂಬರ್ಥದಲ್ಲಿ ಬರೆದರು. ಎದುರಾಳಿಯೂ ತನ್ನ ನೆಲೆಯಿಂದ ಸರಿಯಿರಬಹುದೆಂದು ನಂಬುವವನು ರಾಜಕಾರಣದಲ್ಲಿ ಎಷ್ಟು ಕಾಲ ಬಾಳಿಯಾನು? ಸ್ಯಾದ್ವಾದವನ್ನು ನಾವು ಪಾಠಶಾಲೆಯಲ್ಲಿ ಸಪ್ತಭಂಗಿಯಾಗಿ ಉರುಹೊಡೆದೆವು. ಅವರು ಅದನ್ನು ಮುಂದೆ ನೌಖಾಲಿಯ ಕೆಸರುದಾರಿಯಲ್ಲಿ ಹೊತ್ತು ನಡೆದರು.

ಅವರ ಉಪವಾಸಗಳನ್ನು ನಮ್ಮ ಅನಶನ ತಪಸ್ಸಿಗೆ ಹೋಲಿಸುವುದುಂಟು. 1924ರಲ್ಲಿ ದೆಹಲಿಯಲ್ಲಿ 21 ದಿನ, 1943ರಲ್ಲಿ ಆಗಾಖಾನ್ ಅರಮನೆಯ ಸೆರೆಯಲ್ಲಿ 21 ದಿನ. ಹೋಲಿಕೆ ಪೂರ್ತಿ ಹೊಂದುವುದಿಲ್ಲ. ನಮ್ಮದು ನಿರ್ಜರೆಗಾಗಿ, ಅವರದು ತಮ್ಮ ಶುದ್ಧಿಯ ಜೊತೆಗೆ ಇನ್ನೊಬ್ಬರ ಹೃದಯ ಕರಗಲೆಂಬ ಆಸೆಯಿಂದ ಕೂಡಿದ್ದು. ಇಷ್ಟು ಹೇಳಿ ಮುಂದೆ ಹೋಗುತ್ತೇನೆ, ವೇಳೆ ಮೀರುತ್ತಿದೆ.

ಕೊನೆಯ ಉಪವಾಸ 1948ರ ಜನವರಿ 13ರಿಂದ 18ರವರೆಗೆ ದೆಹಲಿಯಲ್ಲಿ. ಅದು ಮುಗಿದು ಎರಡೇ ದಿನಕ್ಕೆ, 20ರಂದು, ಬಿರ್ಲಾ ಭವನದ ಪ್ರಾರ್ಥನಾಸಭೆಯ ಬಳಿ ಬಾಂಬು ಸಿಡಿಯಿತು. ಸಿಡಿಸಿದ ತರುಣನನ್ನು ಯಾರೂ ದ್ವೇಷಿಸಕೂಡದೆಂದು ಮರುದಿನದ ಪ್ರಾರ್ಥನೆಯಲ್ಲಿ ಅವರು ಕೇಳಿಕೊಂಡರು. ಸಭೆಗೆ ಬರುವವರನ್ನೆಲ್ಲ ತಡಕಿ ನೋಡಿ ಒಳಗೆ ಬಿಡುತ್ತೇವೆಂದು ಪೊಲೀಸರು ಬೇಡಿದರು. ಪ್ರಾರ್ಥನೆಗೆ ಬರುವವನನ್ನು ತಡಕುವುದಾದರೆ ನನಗೆ ಪ್ರಾರ್ಥನೆಯ ಅಧಿಕಾರವಿಲ್ಲವೆಂಬಂತೆ ಅವರು ಒಪ್ಪಲಿಲ್ಲ. ಈ ಸಲ ಕೋಣೆಯೊಳಗೆ ಬೇರೆ ಯಾರ ಮಕ್ಕಳೂ ಇರಲಿಲ್ಲ. ಇದ್ದದ್ದು ಅವರ ದೇಹವೊಂದೇ. 30ರ ಸಾಯಂಕಾಲ ಐದು ಗಂಟೆ ದಾಟಿ ಕೆಲವು ನಿಮಿಷಗಳಾಗಿದ್ದವು. ಪ್ರಾರ್ಥನೆಗೆ ತಡವಾಯಿತೆಂದು ಅವಸರದಿಂದ ಹುಲ್ಲುಹಾಸಿನ ಮೇಲೆ ನಡೆದು ಬಂದು, ನೆರೆದಿದ್ದವರಿಗೆ ಕೈ ಜೋಡಿಸಿದರು.

1894ರ ಪತ್ರದಲ್ಲಿ ರಾಯಚಂದ್‌ಭಾಯಿ ಬರೆದಿದ್ದ ಉತ್ತರವನ್ನು ತಾವು ಈಗಾಗಲೇ ಕೇಳಿದ್ದೀರಿ.

ಪೂಜ್ಯ ಮುನಿಮಹಾರಾಜರ ಮಂಗಲ ಪ್ರವಚನಕ್ಕಾಗಿ ತಾವೆಲ್ಲರೂ ಕಾದಿರುವಿರಿ. ನಾಳೆ ಬೆಳಿಗ್ಗೆ ಕೇವಲಜ್ಞಾನ ಕಲ್ಯಾಣದ ವಿಧಿಗಳು ಬೇಗನೆ ಆರಂಭವಾಗುತ್ತವೆಯೆಂದು ತಿಳಿಸಲು ಸಮಿತಿಯವರು ಚೀಟಿ ಕಳುಹಿಸಿದ್ದಾರೆ.